ಬಾಡಿಗೆ ಮನೆಯೋ, ಸುಂಕದ ಕಟ್ಟೆಯೋ?

“ಮೆಟ್ರೋ ನಿಲ್ದಾಣಕ್ಕೆ ಐದೇ ನಿಮಿಷ. ಹೆಸರಾಂತ ಶಾಲೆಗಳು ಹತ್ತಿರ. ಸಂಸಾರಸ್ಥರಿಗೆ ಮಾತ್ರ.”

ಬೆಂಗಳೂರಿನ ದಾಸರಹಳ್ಳಿಯ ಒಂದು ಅಡ್ಡರಸ್ತೆಯಲ್ಲಿ, ದೀಪದ ಕಂಬಕ್ಕೆ ಕಟ್ಟಿದ್ದ ರಟ್ಟಿನ ಮೇಲೆ ಈ ಮೂರು ವಾಕ್ಯಗಳನ್ನು ಓದಿದೆ. ಮೂರೂ ನಿಜವೇ. ಸಂಸಾರ ನಮ್ಮ ಜೊತೆಯಲ್ಲೇ ಇತ್ತು: ಗಂಡ, ಹೆಂಡತಿ, ಏಳು ವರ್ಷದ ಹುಡುಗಿ, ನಾಲ್ಕು ವರ್ಷದ ಹುಡುಗ. ರಟ್ಟಿನಲ್ಲಿ ಬರೆಯದೆ ಬಿಟ್ಟ ನಾಲ್ಕನೆಯ ವಾಕ್ಯವನ್ನು ಮನೆಯ ಯಜಮಾನರು ಮಹಡಿಯ ಮೆಟ್ಟಿಲ ಮೇಲೆ ನಿಂತು ಬಾಯಲ್ಲೇ ಹೇಳಿದರು: ಬಾಡಿಗೆ ತಿಂಗಳಿಗೆ 16 ಸಾವಿರ, ಮುಂಗಡ ಹತ್ತು ತಿಂಗಳದ್ದು, ಅಂದರೆ 1 ಲಕ್ಷ 60 ಸಾವಿರ. ಬಿಟ್ಟು ಹೋಗುವಾಗ ಸುಣ್ಣಬಣ್ಣಕ್ಕೆಂದು ಅದರಲ್ಲಿ ಒಂದು ತಿಂಗಳಿನದು ಮುರಿದುಕೊಳ್ಳುವುದು. ದಳ್ಳಾಳಿಗೆ ಇನ್ನೊಂದು ತಿಂಗಳಿನದು. ಎರಡು ಕೋಣೆ, ಒಂದು ಅಡಿಗೆಮನೆ, ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ.

ವಾಚಕ ಮಹಾಶಯರೇ, ಈ ಸಂಸಾರ ನಮ್ಮ ದಾವಣಗೆರೆಯದೇ. ಹುಡುಗಿಯ ಅಜ್ಜ ಹತ್ತಿ ಗಿರಣಿಯಲ್ಲಿ ಮಗ್ಗ ನೋಡಿಕೊಂಡು ಜೀವ ತೇಯ್ದವರು. ಗಿರಣಿ ನಿಂತ ಮೇಲೆ ಮಗ ಮಂಡಕ್ಕಿ ಭಟ್ಟಿಯಲ್ಲಿ ಕೆಲವು ಕಾಲ ಹೊಗೆ ಕುಡಿದು, ಕೊನೆಗೆ ಪೀಣ್ಯದ ಒಂದು ಯಂತ್ರದಂಗಡಿ ಸೇರಿಕೊಂಡ. ಅವನ ಪಗಾರ 18 ಸಾವಿರ. ಹೆಂಡತಿಗೆ ಅಲ್ಲಿಯೇ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ 13 ಸಾವಿರದ ಕೆಲಸ ಗೊತ್ತಾಗಿತ್ತು. ಮನೆ ಹುಡುಕಲು ಜೊತೆಗೆ ಬನ್ನಿ ಮೇಷ್ಟ್ರೇ ಎಂದು ಕರೆದರು; ಹೋದೆ. ರಾತ್ರಿಯ ರೈಲಿಗೆ ಹೋಗಿ ಯಶವಂತಪುರದಲ್ಲಿ ಇಳಿದು ಮೂರು ದಿನ ಹುಡುಕಿದೆವು. ಗೊರಗುಂಟೆಪಾಳ್ಯ, ಜಾಲಹಳ್ಳಿ, ದಾಸರಹಳ್ಳಿ, ನಾಗಸಂದ್ರ, ಹೀಗೆ ಮೆಟ್ರೋ ಕಂಬಗಳ ನೆರಳಿನಲ್ಲೇ ಅಲೆದೆವು. ಎರಡನೆಯ ದಿನ ಸಂಜೆ ಹುಡುಗಿ ಕೇಳಿದಳು: “ಇಷ್ಟೊಂದು ಮನೆಗಳಿವೆಯಲ್ಲ, ನಮಗೇಕೆ ಒಂದೂ ಇಲ್ಲ?” ಎಂಟು ವರ್ಷ ಪಾಠ ಹೇಳಿದವನು ನಾನು. ಆ ಪ್ರಶ್ನೆಗೆ ಉತ್ತರ ಹೇಳಲಾಗದೆ ಕಡಲೆಕಾಯಿ ಕೊಡಿಸಿ ಸುಮ್ಮನಾಗಿಸಿದೆ. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ನೋಡೋಣ. ಗಂಡ ಹೆಂಡಿರಿಬ್ಬರೂ ದುಡಿದರೆ 31 ಸಾವಿರ. ಅದರಲ್ಲಿ 16 ಸಾವಿರ ಬಾಡಿಗೆ. ಉಳಿದ 15 ಸಾವಿರದಲ್ಲಿ ಅಕ್ಕಿ, ಬೇಳೆ, ಹಾಲು, ಗ್ಯಾಸು, ಔಷಧಿ, ಶಾಲೆ, ಊರಿನಲ್ಲಿರುವ ಮುದುಕರಿಗೆ ಮನಿಯಾರ್ಡರು. ಒಂದೂವರೆ ಲಕ್ಷದ ಮುಂಗಡವನ್ನು ಎಲ್ಲಿಂದ ತರಬೇಕು? ಒಡವೆ ಅಡವಿಟ್ಟು ತರಬೇಕು, ಇಲ್ಲವೇ ನೂರಕ್ಕೆ ಮೂರು ಬಡ್ಡಿಗೆ ತರಬೇಕು. ಮೂರರ ಬಡ್ಡಿಯಾದರೆ ತಿಂಗಳಿಗೆ 4,800 ರೂಪಾಯಿ. ಆ ಹಣ ಮನೆಯ ಯಜಮಾನರ ಬಳಿ ಬಡ್ಡಿಯಿಲ್ಲದೆ ಕೂತಿರುತ್ತದೆ. ಬಾಡಿಗೆಯವನು ಮಾತ್ರ ಅದಕ್ಕೆ ಬಡ್ಡಿ ಕಟ್ಟುತ್ತಿರುತ್ತಾನೆ. ಅಂದಮೇಲೆ ನಿಜವಾದ ಬಾಡಿಗೆ 16 ಸಾವಿರವಲ್ಲ, 20 ಸಾವಿರದ 800. ಇದನ್ನು ಯಾವ ಚೀಟಿಯಲ್ಲಿಯೂ ಬರೆಯುವುದಿಲ್ಲ.

“ದೂರ ಹೋಗಿ, ಅಗ್ಗವಾಗಿ ಸಿಗುತ್ತದೆ” ಎಂದು ಉಪದೇಶ ಮಾಡುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ದೂರಕ್ಕೂ ಹೋದೆವು. ನೆಲಮಂಗಲದ ಕಡೆ ಹೆದ್ದಾರಿಯಿಂದ ಒಳಕ್ಕೆ ಎರಡು ಮೈಲಿ ನಡೆದರೆ ಎಂಟೂವರೆ ಸಾವಿರಕ್ಕೆ ಮನೆಯಿತ್ತು. ಬೆಳಿಗ್ಗೆ ಏಳೂವರೆಗೆ ಬಸ್ಸು. ಅದು ತಪ್ಪಿದರೆ ಮುಂದಿನದು ಯಾವಾಗ ಬರುವುದೆಂದು ಅಂಗಡಿಯವನಿಗೂ ತಿಳಿಯದು. ಕಾರ್ಖಾನೆಯಲ್ಲಿ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಹಾರುತ್ತದೆ. ಹೋಗಿ ಬರಲು ದಿನಕ್ಕೆ ಮೂರು ಗಂಟೆ. ನಾಲ್ಕು ವರ್ಷದ ಹುಡುಗನನ್ನು ಆ ಮೂರು ಗಂಟೆ ನೋಡಿಕೊಳ್ಳುವವರು ಯಾರು? 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಚೀಟಿಯ ಹಣವಿಲ್ಲ. ಒಳ್ಳೆಯ ಕೆಲಸ, ವಿರೋಧ ಪಕ್ಷದಲ್ಲಿದ್ದರೂ ಒಳ್ಳೆಯದೆಂದೇ ಹೇಳುತ್ತೇನೆ. ಆದರೆ ಬಸ್ಸು ಸರಿಯಾಗಿ ಬರುವ ಬೀದಿಯಲ್ಲಿ ಮನೆಯ ಬಾಡಿಗೆ ಎಂಟು ಸಾವಿರ ಹೆಚ್ಚು. ಬಸ್ಸಿನಲ್ಲಿ ಉಳಿದುದನ್ನು ಗೋಡೆ ನುಂಗಿತು.

ಹಾಗಾದರೆ ಮೆಟ್ರೋ ಹತ್ತಿರದ ಮನೆಗೆ ಈ ಎಂಟು ಸಾವಿರ ಹೆಚ್ಚು ಬಂದದ್ದು ಎಲ್ಲಿಂದ? ಮನೆಯ ಯಜಮಾನರು ಗೋಡೆಗೆ ಬಂಗಾರ ಬಳಿದರೇ? ಬಾವಿ ತೋಡಿಸಿದರೇ? ಏನೂ ಇಲ್ಲ. ದಾಸರಹಳ್ಳಿಯ ಆ ಮನೆ ಮೆಟ್ರೋ ಬರುವ ಮೊದಲೇ ಕಟ್ಟಿದ್ದು ಎಂದು ಅವರೇ ಹೇಳಿದರು. ಸಂಪಿಗೆ ರಸ್ತೆಯಿಂದ ಪೀಣ್ಯ ಕೈಗಾರಿಕಾ ನಿಲ್ದಾಣದವರೆಗೆ ರೈಲು ಬಂದದ್ದು 2014ರ ಮಾರ್ಚಿಯಲ್ಲಿ. ನಾಗಸಂದ್ರಕ್ಕೆ ಮುಟ್ಟಿದ್ದು 2015ರ ಮೇ ತಿಂಗಳಲ್ಲಿ. ಅದೇ ಇಟ್ಟಿಗೆ, ಅದೇ ಸೋರುವ ಮೋರಿ. ಬದಲಾದದ್ದು ಹೊರಗೆ. ಬೆಂಗಳೂರು ಮೆಟ್ರೋವಿನ ಮೊದಲ ಹಂತ 42 ಕಿಲೋಮೀಟರು. ಅದಕ್ಕೆ ತಗುಲಿದ್ದು ಸುಮಾರು 14 ಸಾವಿರ ಕೋಟಿ ರೂಪಾಯಿ. ಅದು ಕೇಂದ್ರದ ಮತ್ತು ರಾಜ್ಯದ ಬೊಕ್ಕಸದ ಹಣ, ಮತ್ತು ಸರ್ಕಾರ ತಂದ ಸಾಲ. ಆ ಬೊಕ್ಕಸಕ್ಕೆ ನಮ್ಮ ಕಾಯಿಪಲ್ಲೆ ಅಂಗಡಿಯವನೂ ಬೆಂಕಿಪೆಟ್ಟಿಗೆ ಕೊಂಡಾಗಲೆಲ್ಲ ಕೊಟ್ಟಿದ್ದಾನೆ. ಎಲ್ಲರೂ ಕೂಡಿ ಹಳಿ ಹಾಕಿದೆವು. ಹಳಿಯ ಪಕ್ಕದಲ್ಲಿ ನೆಲವಿದ್ದವರು ಸುಂಕದ ಕಟ್ಟೆ ಹಾಕಿಕೊಂಡು ಕೂತರು.

ಹಿಂದಿನ ಕಾಲದಲ್ಲಿ ಪಾಳೆಯಗಾರ ಸೇತುವೆ ಕಟ್ಟಿಸಿ ಸುಂಕ ವಸೂಲು ಮಾಡುತ್ತಿದ್ದನಂತೆ. ಕಟ್ಟಿಸಿಯಾದರೂ ಮಾಡುತ್ತಿದ್ದ! ಇಂದು ಸೇತುವೆ ಕಟ್ಟುವವರು ನಾವು, ಸುಂಕ ಎತ್ತುವವರು ಬೇರೆ. ಮತ್ತು ರೈಲು ಹತ್ತಿದ ಮೇಲೆ ಇನ್ನೊಂದು ಸಲ ಕೊಡಬೇಕು: 2025ರ ಫೆಬ್ರವರಿಯಲ್ಲಿ ಮೆಟ್ರೋವಿನ ಅತಿ ಹೆಚ್ಚಿನ ಟಿಕೇಟು 60 ರೂಪಾಯಿಯಿಂದ 90ಕ್ಕೆ ಏರಿತು. ಕಟ್ಟುವಾಗ ತೆರಿಗೆ, ಹತ್ತಿರವಿರುವುದಕ್ಕೆ ಬಾಡಿಗೆ, ಹತ್ತುವುದಕ್ಕೆ ಟಿಕೇಟು, ಹೀಗೆ ಒಂದೇ ರೈಲಿಗೆ ಮೂರು ಸಲ ಹಣ.

ನೆಲದ ಬೆಲೆ ಏರಿದೆಯೆಂಬುದು ಸರ್ಕಾರಕ್ಕೆ ತಿಳಿಯದ ಗುಟ್ಟೇನಲ್ಲ. ನೋಂದಣಿ ಕಚೇರಿಯವರು ಮಾರ್ಗಸೂಚಿ ದರವೆಂದು ಬೀದಿ ಬೀದಿಗೂ ಬೆಲೆ ಬರೆದಿಟ್ಟುಕೊಂಡಿದ್ದಾರೆ. 2023ರ ಅಕ್ಟೋಬರಿನಿಂದ ರಾಜ್ಯದ ಎಲ್ಲೆಡೆ ಆ ದರವನ್ನು ಏರಿಸಿದರು. ಆದರೆ ಅದು ನೆಲ ಮಾರುವ ದಿನ ಕೊಳ್ಳುವವನಿಂದ ಮುದ್ರಾಂಕ ಶುಲ್ಕ ಎತ್ತುವುದಕ್ಕೆ. ನೆಲವನ್ನು ಮಾರದೆ ಕಾಲಮೇಲೆ ಕಾಲು ಹಾಕಿಕೊಂಡು ಬಾಡಿಗೆ ತಿನ್ನುವ ದೊಡ್ಡ ಕುಳಕ್ಕೆ ಅದು ಬಿಸಿ ಮುಟ್ಟಿಸುವುದಿಲ್ಲ.

ಇಲ್ಲಿ ಒಂದು ಮಾತು. ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟು ಅದರಲ್ಲಿ ಮಾತ್ರೆ ಕೊಳ್ಳುವ ವಿಧವೆಯ ಮೇಲೆ ನನಗೆ ಜಗಳವಿಲ್ಲ. ಈ ಪತ್ರಿಕೆ ಓದುವ ವರ್ತಕರಲ್ಲಿ ಎಷ್ಟೋ ಮಂದಿ ಅಂಗಡಿಯ ಮೇಲೆ ಒಂದು ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದೀರಿ; ಪಕ್ಷದ ಆಫೀಸು ಇರುವುದೂ ಅಂಥದೇ ಒಂದು ಮಹಡಿಯಲ್ಲಿ, ಬಾಡಿಗೆ ಎರಡು ತಿಂಗಳು ಬಾಕಿಯೂ ಇದೆ. ನಿಮ್ಮ ಮೇಲೆ ಕೈ ತೋರಿಸಿ ದೊಡ್ಡವರು ತಪ್ಪಿಸಿಕೊಳ್ಳುತ್ತಾರೆ, ಅಷ್ಟೇ. ದೊಡ್ಡವರು ಯಾರು ಎಂದು ಕೇಳುತ್ತೀರಾ? ಮಲ್ಲೇಶ್ವರದ ಕೆಳಗೆ ಹೋಗಿ ನೋಡಿ. ಅಲ್ಲಿ ರಾಜಾ ಮಿಲ್ ಇತ್ತು. ನಮ್ಮಂಥವರೇ ಸೈರನ್ನಿನ ಸದ್ದಿಗೆ ಎದ್ದು ಓಡುತ್ತಿದ್ದ ಗಿರಣಿ. ಗಿರಣಿ ಹೋಯಿತು, ಆ ನೆಲದ ಮೇಲೆ 2010ರಲ್ಲಿ ಮಂತ್ರಿ ಸ್ಕ್ವೇರ್ ಎಂಬ ಮಹಾ ಮಳಿಗೆ ಬಾಗಿಲು ತೆರೆಯಿತು. ಅದರ ಮಗ್ಗುಲಿಗೇ ಮೆಟ್ರೋ ನಿಲ್ದಾಣ ಬಂತು, ಮಳಿಗೆಯ ಹೆಸರೂ ನಿಲ್ದಾಣಕ್ಕೆ ಅಂಟಿಕೊಂಡಿತು. ಗಿರಣಿಯ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಒಂದು ಊರಿನ ಮಧ್ಯದಲ್ಲಿ, ರೈಲಿನ ಬಾಗಿಲಲ್ಲಿ, ನೂರಾರು ದುಡಿಯುವ ಸಂಸಾರಗಳಿಗೆ ಬಾಡಿಗೆ ಮನೆ ಕಟ್ಟಬಹುದಾಗಿದ್ದ ನೆಲ ಅದು. ಅಲ್ಲಿ ಈಗ ನಮ್ಮ ಮಕ್ಕಳು ಗಾಜಿನ ಹೊರಗೆ ನಿಂತು ಬೂಟು ನೋಡಬಹುದು.

ಇನ್ನು ಕಾನೂನು. “ಬಾಡಿಗೆ ಕಾಯ್ದೆ ಇದೆಯಲ್ಲ, ಕೋರ್ಟಿಗೆ ಹೋಗಬಾರದೇ?” ಎಂದು ಕೇಳುವವರುಂಟು. ಇತ್ತು, ಸ್ವಾಮಿ. ಮೈಸೂರು ಸಂಸ್ಥಾನದಲ್ಲಿ 1951ರಲ್ಲಿ ಮನೆ ಬಾಡಿಗೆ ನಿಯಂತ್ರಣದ ಕಾಯ್ದೆ ಬಂತು. ರಾಜ್ಯ ಒಂದಾದ ಮೇಲೆ 1961ರಲ್ಲಿ ಇನ್ನೊಂದು. ಆ ಕಾಲದಲ್ಲಿ ಮನೆ ಖಾಲಿಯಾದರೆ ಯಜಮಾನ ಅದನ್ನು ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕಿತ್ತು, ಅಧಿಕಾರಿ ಅದನ್ನು ಬೇಕಾದವರಿಗೆ ಹಂಚಬಹುದಿತ್ತು. ವಶೀಲಿ ನಡೆಯಲಿಲ್ಲವೆಂದು ಹೇಳುವಷ್ಟು ಮುಗ್ಧ ನಾನಲ್ಲ, ಬೇಕಾದಷ್ಟು ನಡೆಯಿತು. ಆದರೂ ಖಾಲಿ ಮನೆ ಎಂಬುದು ಊರಿನ ವಿಷಯ, ಒಬ್ಬನ ಜೇಬಿನ ವಿಷಯವಲ್ಲ ಎಂಬ ತತ್ತ್ವವನ್ನು ಶಾಸನ ಒಪ್ಪಿತ್ತು. 2001ರ ಡಿಸೆಂಬರ್ 31ರಂದು ಅದನ್ನು ಮಣ್ಣು ಮಾಡಿ, 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನು ಜಾರಿಗೆ ತಂದರು.

ಈ ಹೊಸ ಕಾಯ್ದೆ ಯಾರಿಗೆ ಅನ್ವಯಿಸುವುದಿಲ್ಲ ಎಂಬ ಭಾಗವನ್ನು ಓದಿ ನೋಡಿ. ನಾನು ಓದಿದೆ, ಎರಡು ಸಲ, ನಂಬಿಕೆ ಬಾರದೆ. ಬೆಂಗಳೂರಿನಂಥ ದೊಡ್ಡ ನಗರದಲ್ಲಿ ಬಾಡಿಗೆ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗೆ ಅನ್ವಯಿಸದು. ಉಳಿದ ಕಡೆ 2,000 ರೂಪಾಯಿ ಮೀರಿದರೆ ಅನ್ವಯಿಸದು ಎಂದು ಬರೆದರು. ಮೂರೂವರೆ ಸಾವಿರಕ್ಕೆ ಇಂದು ಬೆಂಗಳೂರಿನಲ್ಲಿ ಸಂಸಾರ ಹೂಡುವ ಮನೆ ತೋರಿಸಿಕೊಟ್ಟ ಮಂತ್ರಿಮಹೋದಯರಿಗೆ ನಾನು ಹಾರ ಹಾಕುತ್ತೇನೆ. ಸ್ಕೂಟರು ನಿಲ್ಲಿಸುವ ಜಾಗವೂ ಆ ದರಕ್ಕೆ ಸಿಗುವುದು ಕಷ್ಟ. ಅಂದರೆ ರಕ್ಷಣೆಯ ಕೊಡೆಯನ್ನು ಹಿಡಿದಿದ್ದಾರೆ, ಆದರೆ ಯಾರೂ ನಿಲ್ಲದ ಜಾಗದಲ್ಲಿ ಹಿಡಿದಿದ್ದಾರೆ.

ವರ್ತಕ ಬಂಧುಗಳೇ, ಇದು ಕಾರ್ಮಿಕರ ಗೋಳು, ನಮಗೇನು ಎಂದು ಪುಟ ತಿರುವಬೇಡಿ. ಅದೇ ಕಾಯ್ದೆ ಅಂಗಡಿಗಳ ವಿಷಯದಲ್ಲಿ 14 ಚದರ ಮೀಟರಿಗೆ ಮೀರದ ಮಳಿಗೆಯನ್ನು ಮಾತ್ರ ತನ್ನೊಳಗೆ ಇಟ್ಟುಕೊಂಡಿದೆ. ಹದಿನಾಲ್ಕು ಚದರ ಮೀಟರು ಎಂದರೆ ಹತ್ತಡಿಗೆ ಹದಿನೈದಡಿ. ಎಲೆ ಅಡಿಕೆ ಅಂಗಡಿಯಾದರೆ ಸರಿ. ಬಟ್ಟೆ ಹರಡಿ ತೋರಿಸುವವನು, ಪಾತ್ರೆಯಂಗಡಿಯವನು, ನಾಲ್ಕು ಬೆಂಚು ಹಾಕಿದ ಖಾನಾವಳಿಯವನು, ಎಲ್ಲರೂ ಬಯಲಿಗೆ ಬಿದ್ದರು. ಶಾಲೆಯೋ ಬಸ್ ನಿಲ್ದಾಣವೋ ನಿಮ್ಮ ಅಂಗಡಿಯ ಎದುರಿಗೆ ಬಂತೆಂದು ನೀವು ಸಂತೋಷಪಡುವ ಮೊದಲೇ ಕಟ್ಟಡದ ಯಜಮಾನ ಕರಾರಿನ ಕಾಗದ ಹಿಡಿದು ಬಂದಿರುತ್ತಾನೆ. ಆ ಕರಾರು ಯಾವಾಗಲೂ ಹನ್ನೊಂದು ತಿಂಗಳದ್ದೇ ಏಕೆಂದು ಎಂದಾದರೂ ಕೇಳಿದ್ದೀರಾ? 1908ರ ನೋಂದಣಿ ಕಾಯ್ದೆಯಂತೆ ವರ್ಷಕ್ಕೆ ಮೇಲ್ಪಟ್ಟ ಕರಾರನ್ನು ಸರ್ಕಾರದ ಪುಸ್ತಕದಲ್ಲಿ ಬರೆಸಲೇಬೇಕು. ಬರೆಸಿದರೆ ಖರ್ಚು, ಮತ್ತು ಬಾಡಿಗೆಯವನಿಗೆ ಒಂದಿಷ್ಟು ಬಲ. ಆದುದರಿಂದ ಹನ್ನೆರಡನೆಯ ತಿಂಗಳನ್ನು ಪಂಚಾಂಗದಿಂದಲೇ ತೆಗೆದುಹಾಕಿದ್ದಾರೆ. ಹನ್ನೊಂದು ತಿಂಗಳಿಗೊಮ್ಮೆ ಶಾಲೆಯ ಹುಡುಗಿ ತನ್ನ ಪುಸ್ತಕ ಕಟ್ಟಿಕೊಂಡು ಮತ್ತೊಂದು ಬೀದಿಗೆ ಹೊರಡಬೇಕಾದೀತು ಎಂಬ ಯೋಚನೆ ಆ ಕಾಗದ ಬರೆದವನಿಗೆ ಇರಲಿಲ್ಲ.

ಮುಂಗಡದ ವಿಷಯದಲ್ಲಿ ದೆಹಲಿಯವರು 2021ರ ಜೂನ್‌ನಲ್ಲಿ ಒಂದು ಮಾದರಿ ಬಾಡಿಗೆ ಕಾಯ್ದೆಯನ್ನು ಒಪ್ಪಿ ರಾಜ್ಯಗಳಿಗೆ ಕಳುಹಿಸಿದರು: ವಾಸದ ಮನೆಗೆ ಎರಡು ತಿಂಗಳಿಗಿಂತ, ಅಂಗಡಿಗೆ ಆರು ತಿಂಗಳಿಗಿಂತ ಹೆಚ್ಚು ಮುಂಗಡ ತೆಗೆದುಕೊಳ್ಳಬಾರದು. ಆ ಮಾದರಿಯ ಉಳಿದ ಭಾಗ ಬಾಡಿಗೆಯನ್ನು ಪೂರಾ ಮಾರುಕಟ್ಟೆಗೆ ಬಿಟ್ಟಿದೆ, ಅದನ್ನು ನಾನು ಹೊಗಳುವುದಿಲ್ಲ. ಆದರೆ ಮುಂಗಡದ ಮಾತು ನ್ಯಾಯದ್ದು. ಪಕ್ಕದ ತಮಿಳುನಾಡು ಅದಕ್ಕೂ ಮೊದಲೇ, 2017ರ ತನ್ನ ಕಾಯ್ದೆಯಲ್ಲಿ ಮೂರು ತಿಂಗಳಿನ ಮಿತಿ ಹಾಕಿತ್ತು. ಹೊಸೂರಿನಲ್ಲಿ ಮೂರು, ಗಡಿ ದಾಟಿ ಅತ್ತಿಬೆಲೆಗೆ ಬಂದರೆ ಹತ್ತು! ನಡುವೆ ಇರುವುದು ಕೆಲವೇ ಮೈಲಿ. ಬೆಂಗಳೂರಿನ ಹತ್ತು ತಿಂಗಳು ಯಾವ ಶಾಸ್ತ್ರದಲ್ಲಿ ಬರೆದದ್ದು? ರೂಢಿ ಎನ್ನುತ್ತಾರೆ. ಜೀತವೂ ರೂಢಿಯೇ ಆಗಿತ್ತು.

ಶಾಲೆಯ ಮಾತಿಗೆ ಬರೋಣ. ಇದು ನನ್ನ ಹಳೆಯ ಕಸುಬು, ಸ್ವಲ್ಪ ಉದ್ದವಾದರೆ ಕ್ಷಮಿಸಿ. ಮೂರು ದಿನವೂ ನಾವು ನೋಡಿದ ಪ್ರತಿ ಮನೆಯ ಬಾಡಿಗೆಯಲ್ಲಿ “ಒಳ್ಳೆಯ ಶಾಲೆ ಹತ್ತಿರ” ಎಂಬ ಮಾತಿನ ಬೆಲೆ ಸೇರಿತ್ತು. ಒಳ್ಳೆಯ ಶಾಲೆ ಎಂದರೇನು? ಎತ್ತರದ ಗೇಟು, ಹಳದಿ ಬಸ್ಸು, ಇಂಗ್ಲಿಷಿನಲ್ಲಿ ಹೆಸರು. ಒಳಗೆ ಕಲಿಸುವವರು ಯಾರೆಂದು ತಾಯಿತಂದೆಗಳು ಕೇಳುವುದಿಲ್ಲ. ನಾನು ಹೇಳುತ್ತೇನೆ. ಬರೀ ಮೆಟ್ರಿಕ್ ಪಾಸಾದ ನನ್ನನ್ನು ಒಂದು ಖಾಸಗಿ ಶಾಲೆ ಎಂಟು ವರ್ಷ ಮೇಷ್ಟ್ರಾಗಿ ಇಟ್ಟುಕೊಂಡಿತ್ತು. ನನ್ನ ವಿದ್ವತ್ತಿಗೆ ಮೆಚ್ಚಿ ಅಲ್ಲ, ನಾನು ಅಗ್ಗವಾಗಿದ್ದೆನೆಂದು. ಗೇಟಿನ ಬಣ್ಣಕ್ಕೆ ಪ್ರತಿ ಜೂನ್‌ನಲ್ಲಿ ಹಣವಿತ್ತು, ನನ್ನ ಪಗಾರಕ್ಕೆ ಆಗಸ್ಟಿನವರೆಗೂ ಇರುತ್ತಿರಲಿಲ್ಲ. ಬೀದಿಯ ಆಚೆ ಇದ್ದ ಸರ್ಕಾರಿ ಶಾಲೆಯಲ್ಲಿ ನನಗಿಂತ ಹೆಚ್ಚು ಓದಿದ, ತರಬೇತಿ ಪಡೆದ ಉಪಾಧ್ಯಾಯಿನಿಯರಿದ್ದರು. ಆದರೆ ಅಲ್ಲಿ ಐದು ತರಗತಿಗೆ ಇಬ್ಬರೇ ಮೇಷ್ಟ್ರುಗಳು, ಮಳೆಗಾಲದಲ್ಲಿ ಸೋರುವ ಒಂದು ಹೆಂಚಿನ ಮಾಡು, ನೀರಿಲ್ಲದ ಪಾಯಿಖಾನೆ. ಹೀಗೆ ಒಂದನ್ನು ಕೆಡಲು ಬಿಟ್ಟು, ಇನ್ನೊಂದರ ಗೇಟಿಗೆ ಬಣ್ಣ ಬಳಿದು, ಅದರ ಸುತ್ತ ಬಾಡಿಗೆ ಏರಿಸುವ ವ್ಯಾಪಾರ ಬೆಳೆಯಿತು.

ದೌಲತ್ ಸಿಂಗ್ ಕೊಠಾರಿಯವರ ಆಯೋಗ 1966ರಲ್ಲೇ ವರದಿ ಕೊಟ್ಟು, ನೆರೆಹೊರೆಯ ಮಕ್ಕಳೆಲ್ಲ, ಶ್ರೀಮಂತನದಾಗಲಿ ಬಡವನದಾಗಲಿ, ಒಂದೇ ಶಾಲೆಗೆ ಹೋಗುವ ಏರ್ಪಾಡು ಬೇಕೆಂದಿತು. ಆರು ದಶಕ ಕಳೆಯಿತು. 2009ರ ಶಿಕ್ಷಣ ಹಕ್ಕಿನ ಕಾಯ್ದೆ ಅದರ ನೆರಳನ್ನಾದರೂ ತಂದಿತು: ಪುಟ್ಟ ಮಕ್ಕಳಿಗೆ ಒಂದು ಕಿಲೋಮೀಟರಿನೊಳಗೆ, ಆರನೆಯ ತರಗತಿಯಿಂದ ಮೇಲಿನವರಿಗೆ ಮೂರು ಕಿಲೋಮೀಟರಿನೊಳಗೆ ಶಾಲೆಯಿರಬೇಕು ಎಂಬುದು ಕೇಂದ್ರದ ನಿಯಮ, ಖಾಸಗಿ ಶಾಲೆಗಳು ನೂರಕ್ಕೆ 25 ಸ್ಥಾನವನ್ನು ನೆರೆಯ ಬಡ ಮಕ್ಕಳಿಗೆ ಕೊಡಬೇಕು. ನಮ್ಮ ರಾಜ್ಯದಲ್ಲಿ ಎಷ್ಟೋ ಕೂಲಿಕಾರರ ಮಕ್ಕಳು ಹಾಗೆ ಸೇರಿಕೊಂಡರು. ಆಮೇಲೆ ಸರ್ಕಾರ ನಿಯಮವನ್ನು ತಿದ್ದಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದ ಕಡೆ ಖಾಸಗಿ ಶಾಲೆ ಆ ಸ್ಥಾನ ಕೊಡಬೇಕಾಗಿಲ್ಲ ಎಂದಿತು. 2019ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆಯನ್ನು ಬಲಪಡಿಸುವುದಕ್ಕಾಗಿ ಎಂದರು. ಆಗಲಿ, ಬಲಪಡಿಸಿದರೆ ಮೊದಲು ಚಪ್ಪಾಳೆ ತಟ್ಟುವವನು ನಾನು. ಆದರೆ ಬಾಗಿಲು ಮುಚ್ಚಿದ ದಿನವೇ ಈ ಕಡೆಯ ಬಾಗಿಲನ್ನೂ ರಿಪೇರಿ ಮಾಡಬೇಕಿತ್ತು. ದಾಸರಹಳ್ಳಿಯಲ್ಲಿ ನಮ್ಮ ಹುಡುಗಿಗೆ ಹತ್ತಿರದಲ್ಲಿ ಸರ್ಕಾರಿ ಶಾಲೆ ಇತ್ತು, ಹೋಗಿ ನೋಡಿದೆ. ಮುಖ್ಯೋಪಾಧ್ಯಾಯಿನಿ ತುಂಬ ಒಳ್ಳೆಯವರು. ಬಿಹಾರದ, ಒರಿಸ್ಸಾದ ಕೂಲಿಕಾರರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು, ಆ ಮಕ್ಕಳು ಅಚ್ಚುಕಟ್ಟಾಗಿ ಓದಿ ತೋರಿಸಿದವು. ಮೇಷ್ಟ್ರುಗಳು ಮಾತ್ರ ಸಾಲದು. ಇನ್ನು ಮೂವರು ಇದ್ದಿದ್ದರೆ ಅದೇ ಆ ಬಡಾವಣೆಯ ಒಳ್ಳೆಯ ಶಾಲೆ. ಮೂರು ಪಗಾರಗಳ ಖರ್ಚಿನಲ್ಲಿ ನೂರು ಸಂಸಾರಗಳ ಬಾಡಿಗೆಯ ಭಾರ ಇಳಿಯುತ್ತಿತ್ತು. ಎಲ್ಲ ಶಾಲೆಯೂ ಒಳ್ಳೆಯದಾದರೆ “ಒಳ್ಳೆಯ ಶಾಲೆ ಹತ್ತಿರ” ಎಂದು ರಟ್ಟಿನ ಮೇಲೆ ಬರೆಯುವವನಿಗೆ ಮಾರಲು ಏನುಳಿಯುತ್ತದೆ?

2015ರ ಆಗಸ್ಟಿನಲ್ಲಿ ಅಲಹಾಬಾದಿನ ಹೈಕೋರ್ಟು, ಸರ್ಕಾರದ ಪಗಾರ ತಿನ್ನುವವರೆಲ್ಲ ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳುಹಿಸುವ ಏರ್ಪಾಡು ಮಾಡಿರೆಂದು ಉತ್ತರ ಪ್ರದೇಶ ಸರ್ಕಾರಕ್ಕೆ ಹೇಳಿತು. ಹೇಳಿತು, ಅಷ್ಟೇ. ಜಿಲ್ಲಾಧಿಕಾರಿಯ ಮಗ ಕೂತ ಕೋಣೆಯ ಮಾಡು ಸೋರುವುದಿಲ್ಲ ಎಂಬುದು ಆ ನ್ಯಾಯಾಧೀಶರಿಗೆ ತಿಳಿದಿತ್ತು. ಅಧಿಕಾರಿಗಳಿಗೂ ತಿಳಿದಿತ್ತು, ಆದಕಾರಣವೇ ಅದು ನಡೆಯಲಿಲ್ಲ.

ಹಣವಿದ್ದರೂ ಸಾಲದು ಎಂಬುದನ್ನೂ ಹೇಳಿಬಿಡುತ್ತೇನೆ. ಮೂರನೆಯ ದಿನ ಒಂದು ಮನೆ ಎಲ್ಲ ರೀತಿಯಲ್ಲೂ ಒಪ್ಪಿಗೆಯಾಯಿತು. ಬಾಡಿಗೆ 12 ಸಾವಿರಕ್ಕೆ ಇಳಿಯಿತು, ಮುಂಗಡ ಆರು ತಿಂಗಳಿಗೆ. ಯಜಮಾನತಿ ಮಜ್ಜಿಗೆಯನ್ನೂ ಕೊಟ್ಟರು. ಲೋಟ ಕೆಳಗಿಡುವಾಗ ಮೆಲ್ಲಗೆ ಕೇಳಿದರು: “ನೀವು ಯಾವ ಜನ?” ಹೇಳಿದರು. “ನಮ್ಮ ಮನೆಯವರನ್ನು ಒಂದು ಮಾತು ಕೇಳಿ ತಿಳಿಸುತ್ತೇನೆ” ಎಂದರು. ಆ ಮಾತು ಇಂದಿಗೂ ತಿಳಿಸಿಲ್ಲ. “ಮಾಂಸ ತಿನ್ನುವವರಿಗೆ ಇಲ್ಲ” ಎಂಬುದು ಇದೇ ಪ್ರಶ್ನೆಗೆ ಹಾಕಿದ ಮಡಿಬಟ್ಟೆ. ಮುಸಲ್ಮಾನರಾದರೆ ಮೆಟ್ಟಿಲನ್ನೂ ಹತ್ತಿಸುವುದಿಲ್ಲ; ಹೆಸರು ಕೇಳಿದೊಡನೆ “ಈಗಷ್ಟೇ ಕೊಟ್ಟುಬಿಟ್ಟೆವು” ಎನ್ನುತ್ತಾರೆ. ಸಂವಿಧಾನ ಅಸ್ಪೃಶ್ಯತೆಯನ್ನು ತೊಡೆದುಹಾಕಿ ಮುಕ್ಕಾಲು ಶತಮಾನವಾಯಿತು. ರೈಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು ಬಂದವರು, ಇಳಿದು ಬಾಡಿಗೆ ಮನೆಯ ಹೊಸ್ತಿಲಿಗೆ ಬಂದಾಗ ಮತ್ತೆ ಜಾತಿಯಾಗಿ ಬೇರೆಯಾಗುತ್ತಾರೆ. ಬಾಡಿಗೆ ಕಾಯ್ದೆಗೆ ಇದು ಕಾಣುವುದಿಲ್ಲ.

ಇದಕ್ಕೆಲ್ಲ ಆಳುವ ಪಕ್ಷಗಳ ಹತ್ತಿರ, ಹೆಸರು ಯಾವುದಾದರೂ ಇರಲಿ, ಒಂದೇ ಮದ್ದು: ಸ್ವಂತ ಮನೆ ಮಾಡಿಕೊಳ್ಳಿ. 1945ರ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯಿಂದ ಹಿಡಿದು 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದವರೆಗೆ ಹಂಚಿದ್ದೆಲ್ಲ ಮುಖ್ಯವಾಗಿ ಸೈಟು. ಸೈಟು ಸಿಕ್ಕವನು ಕಟ್ಟಿ, ಸಿಕ್ಕದವನಿಗೆ ಬಾಡಿಗೆಗೆ ಕೊಟ್ಟ. 31 ಸಾವಿರ ದುಡಿಯುವವನಿಗೆ ಬ್ಯಾಂಕು ಸಾಲ ಕೊಟ್ಟರೂ ಅವನು ಕೊಳ್ಳಬಲ್ಲ ಮನೆ ಮತ್ತೆ ಆ ನೆಲಮಂಗಲದ ಆಚೆಯೇ. ಕಾರ್ಖಾನೆ ಬದಲಾದರೆ ಆ ಮನೆಯನ್ನು ತಲೆಯ ಮೇಲೆ ಹೊತ್ತು ಹೋಗಲಾದೀತೇ? ಇನ್ನೊಂದು ಕಡೆ, 2011ರ ಜನಗಣತಿಯವರು ಭಾರತದ ಪಟ್ಟಣಗಳಲ್ಲಿ 1 ಕೋಟಿ 10 ಲಕ್ಷ ಮನೆಗಳು ಖಾಲಿ ಬಿದ್ದಿರುವುದನ್ನು ಎಣಿಸಿದರು. ಹುಡುಗಿಯ ಪ್ರಶ್ನೆಗೆ ಇದೊಂದು ಉತ್ತರ. ಮನೆಗಳು ಇವೆ, ಮಗು. ಅವು ವಾಸಕ್ಕಲ್ಲ, ಹಣ ಹೂತಿಡುವುದಕ್ಕೆ ಕಟ್ಟಿದವು.

ಬೇರೆ ದಾರಿ ಇಲ್ಲವೆನ್ನುವವರು ವಿಯೆನ್ನಾ ನಗರದ ಕಥೆ ಕೇಳಬೇಕು. ಮೊದಲನೆಯ ಮಹಾಯುದ್ಧದಲ್ಲಿ ಸೋತು, ಹಸಿದು, ಕ್ಷಯರೋಗದಿಂದ ನರಳುತ್ತಿದ್ದ ಊರು ಅದು. ನಮ್ಮ ಬೆಂಗಳೂರಿನಷ್ಟು ಹಣವಂತವಲ್ಲ. ಅಲ್ಲಿಯ ಸಮಾಜವಾದಿ ನಗರಸಭೆ 1923ರಲ್ಲಿ ಮನೆಗಳ ಮೇಲೆ ಒಂದು ತೆರಿಗೆ ಹಾಕಿತು. ಸಣ್ಣ ಮನೆಗೆ ಚಿಕ್ಕಾಸು, ಅರಮನೆಗೆ ಬೆನ್ನು ಮುರಿಯುವಷ್ಟು. ಆ ಹಣದಿಂದ 1934ರೊಳಗೆ 60 ಸಾವಿರಕ್ಕೂ ಹೆಚ್ಚು ಬಾಡಿಗೆ ಮನೆಗಳನ್ನು ಕಟ್ಟಿಸಿತು. ಅವುಗಳಲ್ಲಿ ದೊಡ್ಡ ಹೆಸರು ಪಡೆದ ಕಾರ್ಲ್ ಮಾರ್ಕ್ಸ್ ಹೋಫ್ 1930ರಲ್ಲಿ ತೆರೆಯಿತು. ಉದ್ದ ಒಂದು ಕಿಲೋಮೀಟರಿಗೂ ಮೇಲೆ, ಮನೆಗಳು 1,382. ಅದನ್ನು ಕಟ್ಟಿದ್ದು ಊರಾಚೆಯ ಹಳ್ಳದಲ್ಲಲ್ಲ, ಹೈಲಿಗೆನ್‌ಸ್ಟಾಟ್ ರೈಲು ನಿಲ್ದಾಣದ ಎದುರಿನಲ್ಲಿ! ಅಂಗಳದಲ್ಲಿ ಶಿಶುವಿಹಾರ, ಬಟ್ಟೆ ಒಗೆಯುವ ಮನೆ, ಸ್ನಾನಗೃಹ, ಪುಸ್ತಕ ಭಂಡಾರ, ಹಲ್ಲಿನ ದವಾಖಾನೆ. ಕಾರ್ಖಾನೆಯ ಹೆಣ್ಣುಮಗಳು ಮಗುವನ್ನು ಅಂಗಳದಲ್ಲಿ ಬಿಟ್ಟು ಎದುರಿನ ರೈಲು ಹತ್ತಿ ಕೆಲಸಕ್ಕೆ ಹೋಗಬಹುದಿತ್ತು. 1934ರ ಫೆಬ್ರವರಿಯಲ್ಲಿ ಸರ್ವಾಧಿಕಾರಿ ಸರ್ಕಾರ ಆ ಮನೆಗಳ ಮೇಲೆ ಫಿರಂಗಿ ಹಾರಿಸಿತು. ಗೋಡೆಗಳು ಬೀಳಲಿಲ್ಲ. ಅವು ಇಂದಿಗೂ ನಗರಸಭೆಯ ಬಾಡಿಗೆ ಮನೆಗಳೇ. ಇಂದು ಆ ನಗರಸಭೆಯ ಕೈಯಲ್ಲಿ ಸುಮಾರು 2 ಲಕ್ಷ 20 ಸಾವಿರ ಮನೆಗಳಿವೆ. ನಗರಸಭೆಯೇ ದೊಡ್ಡ ಯಜಮಾನನಾದ ಊರಿನಲ್ಲಿ ಖಾಸಗಿಯವನೂ ಬಾಯಿಗೆ ಬಂದ ದರ ಕೇಳಲಾರ.

ಕಟ್ಟುವವರು ಕಟ್ಟಿಯಾರೆಂದು ಕಾಯುವುದೂ ಬೇಕಾಗಿಲ್ಲ. 1915ರಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ ಯುದ್ಧದ ಕಾರ್ಖಾನೆಗಳಿಗೆ ಜನ ನುಗ್ಗಿದಾಗ ಯಜಮಾನರು ಬಾಡಿಗೆ ಏರಿಸಿದರು. ಮೇರಿ ಬಾರ್ಬರ್ ಎಂಬ ಗೃಹಿಣಿ ಬೀದಿಯ ಹೆಂಗಸರನ್ನು ಕಟ್ಟಿದಳು. ಏರಿಸಿದ ಬಾಡಿಗೆ ಕೊಡುವುದಿಲ್ಲವೆಂದು ಸುಮಾರು 20 ಸಾವಿರ ಸಂಸಾರಗಳು ಕೂತವು. ಮನೆ ಬಿಡಿಸಲು ಅಮೀನನು ಬಂದರೆ ಗಂಟೆ ಬಾರಿಸಿ ಹೆಂಗಸರೆಲ್ಲ ಹಿಟ್ಟಿನ ಪೊಟ್ಟಣ ಹಿಡಿದು ಮೆಟ್ಟಿಲಲ್ಲಿ ನಿಲ್ಲುತ್ತಿದ್ದರು. ನವೆಂಬರಿನಲ್ಲಿ ಕಾರ್ಖಾನೆಯ ಗಂಡಸರೂ ಕೆಲಸ ಬಿಟ್ಟು ಕೋರ್ಟಿನ ಮುಂದೆ ಬಂದರು. ಆ ವರ್ಷ ಮುಗಿಯುವುದರೊಳಗೆ ಬ್ರಿಟಿಷ್ ಪಾರ್ಲಿಮೆಂಟು ಬಾಡಿಗೆಯನ್ನು ಯುದ್ಧಕ್ಕೆ ಮುಂಚಿನ ದರಕ್ಕೆ ಕಟ್ಟಿಹಾಕುವ ಶಾಸನ ಮಾಡಿತು.

ನಾವು ಕೇಳುವುದು ಅಷ್ಟು ದೂರದ್ದೇನೂ ಅಲ್ಲ. 3,500 ರೂಪಾಯಿಯ ಆ ಸತ್ತ ಮಿತಿಯನ್ನು ಕಿತ್ತು, ದುಡಿಯುವವನು ನಿಜವಾಗಿ ಇರುವ ಮನೆಗೆ ಕಾಯ್ದೆ ಬರಲಿ. ಅಂಗಡಿಯ 14 ಚದರ ಮೀಟರನ್ನೂ ಅದರ ಜೊತೆಗೆ ಕೀಳಲಿ. ಮುಂಗಡಕ್ಕೆ ಎರಡು ತಿಂಗಳ ಮಿತಿಯನ್ನು ಶಾಸನದಲ್ಲೇ ಬರೆಯಲಿ. ಮೆಟ್ರೋ ನಿಗಮಕ್ಕೂ ಸಾರಿಗೆ ಸಂಸ್ಥೆಗಳಿಗೂ ಸೇರಿದ ನೆಲದ ಮೇಲೆ ಮಳಿಗೆಗೆ ಮೊದಲು ಬಾಡಿಗೆ ಮನೆಗಳನ್ನು ಕಟ್ಟಲಿ, ಕೆಳಗೆ ಅಂಗನವಾಡಿ ಇಟ್ಟು ಕಟ್ಟಲಿ. ಸರ್ಕಾರ ಹಾಕಿದ ಹಳಿಯಿಂದ ಏರಿದ ನೆಲದ ಬೆಲೆಗೆ ವರ್ಷವರ್ಷವೂ ತೆರಿಗೆ ಬೀಳಲಿ, ವಿಧವೆಯ ಒಂದು ಕೋಣೆಯನ್ನು ಬಿಟ್ಟು.

ದಾವಣಗೆರೆಗೆ ಮೆಟ್ರೋ ಇಲ್ಲ, ನಮಗೆ ಈ ಪೀಡೆ ತಟ್ಟದು ಎಂದು ಯಾರೂ ನೆಮ್ಮದಿಯಿಂದಿರಬೇಡಿ. ವಿದ್ಯಾನಗರದ ಕಡೆಯೋ ಎಂ.ಸಿ.ಸಿ. ‘ಬಿ’ ಬ್ಲಾಕಿನ ಕಡೆಯೋ ಶಾಲಾ ಕಾಲೇಜುಗಳ ಸುತ್ತ ಒಂದು ಮನೆ ಕೇಳಿ ನೋಡಿ. ಇಲ್ಲಿಯೂ ರಟ್ಟಿನ ಮೇಲೆ ಅದೇ ಮೂರು ವಾಕ್ಯ. ಮೆಟ್ರೋ ಎಂದಿರುವಲ್ಲಿ ಬಸ್ ನಿಲ್ದಾಣ ಎಂದಿರುತ್ತದೆ.

ಆ ಸಂಸಾರ ಕೊನೆಗೆ ನಾಗಸಂದ್ರದ ಆಚೆ, 11 ಸಾವಿರಕ್ಕೆ ಒಂದೂವರೆ ಕೋಣೆ ಹಿಡಿಯಿತು. ಗಂಡ ರಾತ್ರಿ ಪಾಳಿ ಕೇಳಿಕೊಂಡಿದ್ದಾನೆ, ಹಗಲು ಹುಡುಗನನ್ನು ನೋಡಿಕೊಳ್ಳಲು. ಹುಡುಗಿಯನ್ನು ಅಜ್ಜಿಯ ಹತ್ತಿರ ಇಲ್ಲೇ ಬಿಟ್ಟಿದ್ದಾರೆ. ಮುಂದಿನ ವರ್ಷ ಕರೆಸಿಕೊಳ್ಳುತ್ತಾರಂತೆ. ನಿನ್ನೆ ಬಜಾರಿನಲ್ಲಿ ಸಿಕ್ಕಿದ್ದಳು, ಎರಡನೆಯ ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸಿದಳು.

ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಪಕ್ಷದ ಆಫೀಸಿಗೆ ಬನ್ನಿ. ಬಾಡಿಗೆಯ ಚೀಟಿ ಇದ್ದವರು ಚೀಟಿ ತನ್ನಿ; ಚೀಟಿಯನ್ನೇ ಕೊಡದ ಯಜಮಾನರಿದ್ದರೆ, ಎಷ್ಟು ಕೊಟ್ಟಿರಿ, ಎಂದು ಕೊಟ್ಟಿರಿ, ಮುಂಗಡವೆಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿ, ನಾನು ಬರೆದುಕೊಳ್ಳುತ್ತೇನೆ. ಅಂಗಡಿಯವರು ಮಳಿಗೆಯ ಉದ್ದಗಲ ಅಳೆದುಕೊಂಡು ಬನ್ನಿ.